ಮಾಗಡಿ ಕೆರೆಯಿಂದ ಅಘನಾಶಿನಿಯ ಅಳಿವೆಗೆ

2024ರ ಜನವರಿ 31ರಂದು ಕೇಂದ್ರ ಸರ್ಕಾರ ದೇಶದ ಐದು ಹೊಸ ರಾಮ್ಸರ್ ತಾಣಗಳ ಹೆಸರು ಪ್ರಕಟಿಸಿತು. ಐದರಲ್ಲಿ ಮೂರು ಕರ್ನಾಟಕದವು: ವಿಜಯನಗರ ಜಿಲ್ಲೆಯ ಅಂಕಸಮುದ್ರ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. ಮಾಗಡಿ ಕೆರೆ ನಮ್ಮವರಿಗೆ ಗೊತ್ತಿರುವ ಜಾಗ. ಗದಗದಿಂದ ಲಕ್ಷ್ಮೇಶ್ವರದ ಕಡೆ ಹೊರಟರೆ ದಾರಿಯಲ್ಲೇ ಸಿಗುತ್ತದೆ. ಮಂಗೋಲಿಯಾ, ಟಿಬೆಟ್‌ಗಳಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಚಳಿಗಾಲದ ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಕುಟುಂಬಗಳು ಗದಗ-ಬೆಟಗೇರಿಯಲ್ಲಿ ಎಷ್ಟೋ ಇವೆ. ಅದೇ ದಿನ ಅದೇ ಪಟ್ಟಿ ಸೇರಿದ ಅಘನಾಶಿನಿಯನ್ನು ಕಂಡವರು ಮಾತ್ರ ಕಡಿಮೆ. ಸಮುದ್ರಕ್ಕೆ ನಾವು ಹೋಗುವುದಿಲ್ಲ ಎಂದಲ್ಲ, ಪ್ರತಿ ವರ್ಷ ಹೋಗುತ್ತೇವೆ. ಆದರೆ ಹೋಗುವ ರೀತಿ ಬೇರೆ, ಅದರ ಬಗ್ಗೆಯೇ ಈ ವಾರ ಬರೆಯಬೇಕೆನಿಸಿತು.

ಆ ರೀತಿ ಹೀಗಿರುತ್ತದೆ. ಒಂದು ಕ್ರೂಸರ್ ಗೊತ್ತು ಮಾಡುತ್ತೇವೆ. ಅಜ್ಜ, ಅಮ್ಮ, ಅಕ್ಕ, ಭಾವ, ಮಕ್ಕಳು ಎಲ್ಲರೂ ಅದರಲ್ಲೇ ತುರುಕಿಕೊಂಡು ಊಟ ಮುಗಿಸಿ ರಾತ್ರಿ ಹೊರಡುತ್ತೇವೆ. ನಸುಕಿಗೆ ಒಂದು ದೇವಸ್ಥಾನ, ನಾಷ್ಟಾ ಆದಮೇಲೆ ಇನ್ನೊಂದು, ಮಧ್ಯಾಹ್ನಕ್ಕೆ ಮತ್ತೊಂದು. ಮುರುಡೇಶ್ವರ, ಇಡಗುಂಜಿ, ಗೋಕರ್ಣ ಒಂದೇ ದಿನದಲ್ಲಿ ಮುಗಿಯಬೇಕು. ಸಮುದ್ರಕ್ಕೆ ಉಳಿಯುವುದು ಒಂದು ತಾಸು. ರಾತ್ರಿಯಿಡೀ ನಿದ್ದೆಗೆಟ್ಟ ಡ್ರೈವರ್ ವಾಹನದಲ್ಲೇ ಮಲಗುತ್ತಾನೆ, ಹಿರಿಯರು ನೆರಳು ಹುಡುಕುತ್ತಾರೆ, ಹುಡುಗರು ಅಂಗಿ ಕಳಚಿ ನೀರಿಗೆ ಓಡುತ್ತಾರೆ. ವರ್ಷಕ್ಕೊಮ್ಮೆ ಸಿಕ್ಕ ಆ ಒಂದು ತಾಸಿನಲ್ಲಿ ಆಡಿದಷ್ಟೂ ಲಾಭ. ಅಲೆ ಹೇಗಿದೆ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಆ ಅವಸರಕ್ಕೆ ನಾವು ತೆತ್ತಿರುವ ಬೆಲೆ ದೊಡ್ಡದು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕು ತೀರಿಕೊಂಡರು. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಲವರು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಒಂದೇ ಕುಟುಂಬಕ್ಕೆ ಸೇರಿದವರು. ಲಕ್ಷ್ಮೇಶ್ವರದಿಂದ ಆ ಸೀಮೆ ದೂರವಲ್ಲ. ನಮ್ಮ ಹಾಗೆಯೇ ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಮಂದಿ ಅವರು. ಆ ಸುದ್ದಿ ಓದಿದಾಗಿನಿಂದ ಒಂದು ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಬಯಲುಸೀಮೆಯ ಕುಟುಂಬ ಸಮುದ್ರಕ್ಕೆ ಹೋಗಬೇಕು, ಖಂಡಿತ ಹೋಗಬೇಕು. ಆದರೆ ಕ್ರೂಸರ್‌ನಲ್ಲಿ ಆರು ಜಾಗ ಸುತ್ತುವ ಬದಲು ಒಂದೇ ದಂಡೆಯ ಮೇಲೆ ಎರಡು ದಿನ ನಡೆಯಬೇಕು, ಒಂದು ರಾತ್ರಿ ಅಲ್ಲೇ ತಂಗಬೇಕು. ಕಾಲ್ನಡಿಗೆಯಲ್ಲಿ ಹೋದವರಿಗೆ ಸಮುದ್ರವನ್ನು ನೋಡಲು ಹೊತ್ತು ಸಿಗುತ್ತದೆ. ನೋಡುತ್ತ ನೋಡುತ್ತ ಅದರ ಸ್ವಭಾವ ಒಂದಿಷ್ಟಾದರೂ ಗೊತ್ತಾಗುತ್ತದೆ.

ಅಂಥ ನಡಿಗೆಗೆ ನಮಗೆ ಹತ್ತಿರದ, ಒಳ್ಳೆಯ ದಂಡೆಯೆಂದರೆ ಕುಮಟಾದಿಂದ ಗೋಕರ್ಣದವರೆಗಿನದು. ಅಲ್ಲಿಗೆ ಹೋಗುವ ದಾರಿ ನಮ್ಮ ಅಜ್ಜ-ಮುತ್ತಜ್ಜರಿಗೆ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಹೀಗಾಗಿ ನಮ್ಮ ಎರೆಹೊಲದಲ್ಲಿ ಬೆಳೆದ ಹತ್ತಿಗೆ ಹೊರಗಿನ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕಾಚಾರವಿತ್ತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದಮೇಲೆ ಹತ್ತಿ ಬೇರೆ ದಾರಿ ಹಿಡಿಯಿತು, ಕುಮಟಾ ಬಂದರಿನ ಕಾಲ ಮುಗಿಯಿತು. ರಸ್ತೆ ಮಾತ್ರ ಉಳಿದಿದೆ. ಗದಗದಿಂದ ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲಾಕ್ಕೆ ಸುಮಾರು 190 ಕಿ.ಮೀ. ಲಕ್ಷ್ಮೇಶ್ವರ, ಶಿರಹಟ್ಟಿಯವರು ಹುಬ್ಬಳ್ಳಿಗೆ ಹೋಗದೆ ಶಿಗ್ಗಾಂವಿ, ಮುಂಡಗೋಡ, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ನೇರ ಕುಮಟಾ ಸೇರಬಹುದು. ಆದರೆ ಮಳೆಗಾಲದಲ್ಲಿ ಈ ಎರಡೂ ದಾರಿ ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು ನೆನಪಿರಲಿ. ನಡಿಗೆಗೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಸರಿ. ಮಾಗಡಿಯಲ್ಲಿ ಹೆಬ್ಬಾತುಗಳು ಇರುವುದೂ ಆಗಲೇ.

ಸಮುದ್ರಕ್ಕೆ ಹೊರಡುವ ಮುಂಚೆ ಒಂದು ತಿಂಗಳು ಕಪ್ಪತಗುಡ್ಡದಲ್ಲಿ ಕಾಲು ಹದ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಎಪ್ಪತ್ತು ಗಿರಿ ನೋಡುವ ಬದಲು ಕಪ್ಪತಗಿರಿ ನೋಡು ಅನ್ನುವ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ, ಹತ್ತಿದವರು ಅಷ್ಟಿಲ್ಲ. ಗದಗಿನ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ 60 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲ್ಲೂಕಿನಲ್ಲಿ ಹಬ್ಬಿದ ಗುಡ್ಡಸಾಲು ಇದು. ಡೋಣಿಯ ಕಡೆಯಿಂದ ಕಪ್ಪತಮಲ್ಲಯ್ಯನ ಗುಡಿಗೆ, ಅಲ್ಲಿಂದ ಗಾಳಿಗುಂಡಿ ಬಸವಣ್ಣನ ಎತ್ತರಕ್ಕೆ ಬೆಳಗಿನ ತಂಪಿನಲ್ಲಿ ಮಕ್ಕಳೊಂದಿಗೆ ಹತ್ತಿ ಇಳಿದರೆ ಯಾರ ಚಪ್ಪಲಿ ಕಚ್ಚುತ್ತದೆ, ಯಾರಿಗೆ ಎಷ್ಟು ನೀರು ಬೇಕು, ಯಾವ ಮಗು ಎಷ್ಟು ದೂರಕ್ಕೆ ಹಟ ಹಿಡಿಯುತ್ತದೆ ಎಂದು ಮನೆಯ ಹತ್ತಿರವೇ ಗೊತ್ತಾಗಿಬಿಡುತ್ತದೆ. ಬೂಟಿನ ತೊಂದರೆ ಡೋಣಿಯಲ್ಲಿ ಗೊತ್ತಾದರೆ ಬಸ್ ಹತ್ತಿ ಮನೆಗೆ ಬರಬಹುದು. ಕಡಲಿನ ಬಂಡೆಗಳ ನಡುವೆ ಗೊತ್ತಾದರೆ ಆ ಸೌಕರ್ಯವಿಲ್ಲ. ಇದು 2019ರಿಂದ ವನ್ಯಜೀವಿ ಅಭಯಾರಣ್ಯ, 244 ಚದರ ಕಿ.ಮೀ. ಹೀಗಾಗಿ ಅರಣ್ಯ ಇಲಾಖೆಯನ್ನು ಕೇಳಿಯೇ ಒಳಗೆ ಹೋಗಬೇಕು. ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ, ಬೆಂಕಿಯನ್ನಂತೂ ಹಚ್ಚಲೇಬಾರದು. ಸಂಕ್ರಾಂತಿ ಕಳೆದಮೇಲೆ ಆ ಗುಡ್ಡದ ಬಾದಿಹುಲ್ಲು ಒಂದು ಬೀಡಿಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ವರ್ಷ ವರ್ಷ ಹಾಗೆ ಉರಿಯುವುದನ್ನು ಗದಗಿನ ಮಾಳಿಗೆಯ ಮೇಲೆ ನಿಂತು ನೋಡಿದವರಿಗೆ ಆ ಸಂಕಟ ಗೊತ್ತು.

ಇನ್ನು ಕಡಲ ನಡಿಗೆ. ಕುಮಟಾ ಊರಿನ ಪಕ್ಕದ ವನ್ನಳ್ಳಿಯಿಂದ ಉತ್ತರಕ್ಕೆ ಮುಖ ಮಾಡಿ ಹೊರಟರೆ ಹೊಳನಗದ್ದೆ, ಕಡ್ಲೆ, ಬಾಡ, ಕಾಗಾಲ ಒಂದೊಂದೇ ಸಿಗುತ್ತವೆ. ಎಡಗಡೆ ಸಮುದ್ರ, ಬಲಗಡೆ ತೆಂಗು, ಗಾಳಿಮರ. ಒಂದು ಮರಳು ದಂಡೆಗೂ ಇನ್ನೊಂದಕ್ಕೂ ನಡುವೆ ಸಮುದ್ರದೊಳಕ್ಕೆ ಮೂಗು ಚಾಚಿದ ಗುಡ್ಡ. ಅಲ್ಲಿ ಮೇಲೆ ಹತ್ತಿ ಆ ಕಡೆ ಇಳಿಯಬೇಕು. ಈ ಗುಡ್ಡಗಳ ಕಲ್ಲು ನಮ್ಮ ಕಪ್ಪತಗುಡ್ಡದ ಕಲ್ಲಿನಂಥದಲ್ಲ. ರಂಧ್ರ ರಂಧ್ರದ ಕೆಂಪು ಚಿರೇಕಲ್ಲು, ಅಂಚಿನಲ್ಲಿ ಸಡಿಲ. ಫೋಟೊಕ್ಕೆಂದು ತುದಿಗೆ ಹೋಗಿ ನಿಲ್ಲುವ ಜಾಗ ಅದಲ್ಲ. ಕೆಳಗೆ ಅಲೆ ಬಡಿಯುವಲ್ಲಿ ಕಲ್ಲು ಕಪ್ಪಾಗಿ, ಪಾಚಿಗಟ್ಟಿ ಜಾರುತ್ತದೆ. ಮೊದಲ ದಿನ ಹನ್ನೆರಡು ಕಿ.ಮೀ. ಆಸುಪಾಸು ನಡೆದರೆ ಅಘನಾಶಿನಿ ಊರು, ಅದರ ಮುಂದೆ ನದಿಯ ಬಾಯಿ. ಎರಡನೆಯ ದಿನ ದೋಣಿಯಲ್ಲಿ ತದಡಿಗೆ ದಾಟಿ, ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ ಬೀಚ್, ಕುಡ್ಲೆ ಮೇಲೆ ಗೋಕರ್ಣ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಮೊದಲ ದಿನದ ದೂರವನ್ನು ಅರ್ಧಕ್ಕೆ ಇಳಿಸಿ, ಬಾಡದವರೆಗೆ ಬಸ್ಸಿಗೋ ಆಟೊಗೋ ಹೋಗಿ ಅಲ್ಲಿಂದ ನಡೆಯಿರಿ. ಇಡೀ ದೂರ ನಡೆದೇ ತೀರಬೇಕೆಂಬ ಹರಕೆಯೇನೂ ಇಲ್ಲವಲ್ಲ.

ಈ ನಡಿಗೆಯಲ್ಲಿ ಕುಟುಂಬ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಗೋಕರ್ಣದ ಬೀಚುಗಳಲ್ಲ, ಅಘನಾಶಿನಿಯ ಅಳಿವೆ. ಶಿರಸಿಯ ಕಡೆ ಹುಟ್ಟಿ ಸುಮಾರು 120 ಕಿ.ಮೀ. ಹರಿದು ಬರುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ ಧುಮುಕಿ ತಂದ ಮಲೆನಾಡಿನ ಮಣ್ಣು, ಎಲೆಕಸ ಎಲ್ಲ ಇಲ್ಲಿಯವರೆಗೂ ಬರುತ್ತದೆ. ದಿನಕ್ಕೆರಡು ಸಲ ಸಮುದ್ರ ಹೊಳೆಯೊಳಗೆ ಏರಿ ಬಂದು ಇಳಿದು ಹೋಗುತ್ತದೆ. ಉಪ್ಪು-ಸಿಹಿ ಬೆರೆತ ಈ ನೀರಿನಲ್ಲಿ ಕಾಂಡ್ಲಾ ಮರಗಳು ಬೇರು ಬಿಟ್ಟಿವೆ, ಅವುಗಳ ನಡುವೆ ಮೀನು, ಸಿಗಡಿ ಮರಿ ಮಾಡುತ್ತವೆ. ನೀರು ಇಳಿದ ಹೊತ್ತಿಗೆ ಹೆಂಗಸರು, ಗಂಡಸರು ಕೆಸರಿಗಿಳಿದು ಬಳಚು ತೆಗೆಯುವುದನ್ನು ದಂಡೆಯಲ್ಲಿ ಕೂತು ನೋಡಬಹುದು. ಬಳಚೆಂದರೆ ಚಿಪ್ಪಿನೊಳಗಿನ ಜೀವಿ, ಅಲ್ಲಿನ ಸಾವಿರಾರು ಮನೆಗಳ ಅನ್ನ. ಇನ್ನೂ ಒಳಗೆ ಮಾಣಿಕಟ್ಟಾದ ಗಜನಿ ಗದ್ದೆಗಳಿವೆ. ಸಮುದ್ರದ ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ, ಉಪ್ಪನ್ನೂ ತಾಳಿಕೊಳ್ಳುವ ತಳಿ ಅದು. ನಮ್ಮ ಹೊಲದಲ್ಲಿ ಸವಳು ಬಿದ್ದರೆ ಆ ಭೂಮಿಯನ್ನೇ ಬಿಟ್ಟುಬಿಡುವ ಮುಂಡರಗಿ, ಶಿರಹಟ್ಟಿಯ ರೈತ ಈ ಗದ್ದೆಯ ಬದುವಿನ ಮೇಲೆ ನಿಂತರೆ ಕೇಳಲು ನೂರು ಪ್ರಶ್ನೆ ಇರುತ್ತವೆ. ಕೇಳಲಿ, ಅಲ್ಲಿಯವರೂ ರೈತರೇ, ಬಿಡಿಸಿ ಹೇಳುತ್ತಾರೆ.

ಈ ಅಳಿವೆ ಇಂದು ಉಳಿದಿರುವುದು ತಾನಾಗಿಯೇ ಅಲ್ಲ. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಯೋಜನೆ ಇತ್ತು. ಮೀನುಗಾರರು, ರೈತರು, ಪರಿಸರದ ಕೆಲಸ ಮಾಡುವವರು ಸೇರಿ ವಿರೋಧಿಸಿದರು, ಅದು ಕೈಬಿಟ್ಟುಹೋಯಿತು. ಇತ್ತ ನಮ್ಮ ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನವನ್ನು ಸರ್ಕಾರ ಮರುವರ್ಷವೇ ಹಿಂತೆಗೆದುಕೊಂಡಾಗ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ಅದೇ ವರ್ಷ ಆ ಸ್ಥಾನ ಮರಳಿ ಬಂತು. ಗುಡ್ಡದ ಮಂದಿಯೂ ಅಳಿವೆಯ ಮಂದಿಯೂ ಒಂದೇ ಕಾಲಮಾನದಲ್ಲಿ ಒಂದೇ ಬಗೆಯ ಜಗಳ ಆಡಿ ಗೆದ್ದವರು, ಒಬ್ಬರ ಪರಿಚಯ ಒಬ್ಬರಿಗಿಲ್ಲ. ತದಡಿ ದಾಟುವ ದೋಣಿಯಲ್ಲಿ ಮಕ್ಕಳಿಗೆ ಈ ಎರಡು ಕಥೆ ಹೇಳಿ. ಶಾಲೆಯ ಪುಸ್ತಕದಲ್ಲಿ ಅವು ಸಿಗುವುದಿಲ್ಲ.

ಇನ್ನು ನೀರಿನ ಸಂಗತಿ. ಬಯಲುಸೀಮೆಯ ನಮಗೆ ಹುಟ್ಟಿನಿಂದ ಬಾರದ ವಿದ್ಯೆ ಇದೇ, ಅದಕ್ಕಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ತಾಸು 25 ನಿಮಿಷ. ಹೀಗಾಗಿ ಇಂದು ಬೆಳಿಗ್ಗೆ ಒಂಬತ್ತಕ್ಕೆ ನೀರು ತುಂಬಿದರೆ ನಾಳೆ ಹತ್ತರ ಹತ್ತಿರ ತುಂಬುತ್ತದೆ, ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಏರಿಳಿತ ಹೆಚ್ಚು. ನಮ್ಮ ಕರಾವಳಿಯಲ್ಲಿ ಅದು ಒಂದೂವರೆಯಿಂದ ಎರಡು ಮೀಟರ್. ಅಷ್ಟಮಿಯಿಂದ ದಶಮಿಯ ನಡುವೆ ಏರಿಳಿತ ತೀರ ಕಡಿಮೆ. ನಮ್ಮ ಮನೆಗಳಲ್ಲಿ ಗೋಡೆಗೆ ಕ್ಯಾಲೆಂಡರ್ ಇದ್ದೇ ಇರುತ್ತದೆ, ತಿಥಿ ನೋಡದೆ ನಮ್ಮಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ. ಅದೇ ತಿಥಿಯನ್ನು ಕಡಲಿಗೂ ನೋಡಿ. ಅಮಾವಾಸ್ಯೆ-ಹುಣ್ಣಿಮೆಯ ಹಿಂದುಮುಂದಿನ ಮೂರು ದಿನ ಬಿಟ್ಟು, ಅಷ್ಟಮಿ-ನವಮಿಯ ಕಡೆಗೆ ಪ್ರವಾಸ ಇಟ್ಟುಕೊಳ್ಳಿ. ನಿರ್ದಿಷ್ಟ ವೇಳೆ ಮೊಬೈಲಿನಲ್ಲೇ ಸಿಗುತ್ತದೆ, ದಂಡೆಯ ಯಾವ ಮೀನುಗಾರನಾದರೂ ಹೇಳುತ್ತಾನೆ. ನೀರು ಇಳಿಯುತ್ತಿರುವಾಗ ಹೊರಟರೆ ಗಟ್ಟಿ ಮರಳಿನ ಮೇಲೆ ಹಗುರಾಗಿ ನಡೆಯಬಹುದು, ಬಂಡೆ ಸಂದುಗಳು ದಾಟಲು ಸಿಗುತ್ತವೆ. ಏರುವಾಗ ಹೊರಟರೆ ಕಾಲು ಹುಗಿಯುವ ಮೇಲಿನ ಮರಳೇ ಗತಿ, ಮುಂದಿನ ಬಂಡೆಯ ಬುಡದಲ್ಲಿ ದಾರಿ ಮುಚ್ಚಿಹೋಗಿರುತ್ತದೆ, ಹಿಂದಿನದೂ ಮುಚ್ಚುತ್ತಿರುತ್ತದೆ. ಅಂಥಲ್ಲಿ ಸಿಕ್ಕಿಕೊಂಡರೆ ಬಂಡೆ ಸುತ್ತಿ ಹೋಗುವ ಸಾಹಸ ಬೇಡ. ಮೇಲೆ ಹತ್ತುವ ಕಾಲುದಾರಿ ಹುಡುಕಿ, ಸಿಗದಿದ್ದರೆ ಒಣಗಿದ ಜಾಗದಲ್ಲಿ ಕೂತು ನೀರು ಇಳಿಯುವವರೆಗೆ ಕಾಯಿರಿ.

ಏರಿಳಿತಕ್ಕಿಂತ ಹೆಚ್ಚು ಜೀವ ತೆಗೆದದ್ದು ಇನ್ನೊಂದು. ಅಲೆಗಳು ದಂಡೆಗೆ ನೀರನ್ನು ತಳ್ಳುತ್ತಲೇ ಇರುತ್ತವೆ. ಬಂದ ನೀರು ಹಿಂದಕ್ಕೆ ಹೋಗಲೇಬೇಕು. ಕೆರೆ ತುಂಬಿದಾಗ ನೀರೆಲ್ಲ ಕೋಡಿಯ ಕಡೆ ಸರಿದು ಅಲ್ಲಿಂದ ರಭಸದಿಂದ ಹರಿಯುತ್ತದಲ್ಲ, ಹಾಗೆ ದಂಡೆಯ ನೀರು ಒಂದು ಇಕ್ಕಟ್ಟಾದ ತಗ್ಗು ಹಿಡಿದು ಸಮುದ್ರದೊಳಕ್ಕೆ ಹರಿಯುತ್ತದೆ. ಇದೇ ಸೆಳೆತ. ಮೋಸವಿರುವುದು ಅದರ ನೋಟದಲ್ಲಿ. ತಗ್ಗು ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎರಡೂ ಪಕ್ಕ ಬಿಳಿ ನೊರೆ, ನಡುವೆ ಕಪ್ಪಗೆ ಶಾಂತವಾದ ನೀರು. ಅಲೆಗೆ ಹೆದರುವ ಹೊಸಬ, ಮಕ್ಕಳನ್ನು ಕರೆದುಕೊಂಡ ತಾಯಿ, ಇಬ್ಬರೂ ಸಹಜವಾಗಿ ಆ ಶಾಂತ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ಮೊಣಕಾಲಿನ ನೀರಿನಲ್ಲಿ ನಿಂತವರ ಕಾಲಡಿಯ ಮರಳು ಸರಿಯುತ್ತದೆ, ಸೊಂಟದ ನೀರಿಗೆ ಬರುವಷ್ಟರಲ್ಲಿ ಸೆಳೆತ ಹಿಡಿದಿರುತ್ತದೆ. ಹತ್ತು ನಿಮಿಷ ದಂಡೆಯಲ್ಲಿ ಸುಮ್ಮನೆ ನಿಂತು ನೋಡಿದರೆ ಆ ಕಪ್ಪು ಪಟ್ಟಿ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಕ್ರೂಸರ್ ಇಳಿದು ಓಡುವವರಿಗೆ ಇಲ್ಲದ್ದು ಈ ಹತ್ತು ನಿಮಿಷ.

ತುಂಗಭದ್ರೆಯಲ್ಲಿ ಈಜು ಕಲಿತ ಮುಂಡರಗಿ ಕಡೆಯ ಹುಡುಗರ ಬಗ್ಗೆ ನನಗೆ ಹೆಚ್ಚು ಆತಂಕ. "ನಂಗ ಹೊಳ್ಯಾಗ ಈಸಾಕ ಬರ್ತೈತ್ರಿ ಕಾಕಾ, ಏನೂ ಆಗಂಗಿಲ್ಲ" ಎಂಬ ಧೈರ್ಯ ಅವರದು. ಹೊಳೆಯಲ್ಲಿ ಈಚೆ ದಂಡೆ ತಪ್ಪಿದರೆ ಆಚೆ ದಂಡೆ ಇರುತ್ತದೆ. ಸಮುದ್ರದ ಸೆಳೆತಕ್ಕೆ ಸಿಕ್ಕ ಒಳ್ಳೆಯ ಈಜುಗಾರ ದಂಡೆಯ ಕಡೆಗೇ ಈಜಲು ಹೋಗಿ, ಹರಿವಿನ ಎದುರು ದಣಿದು ಮುಳುಗುತ್ತಾನೆ. ಅದಕ್ಕೆ ಎದುರು ಈಜಬಾರದು. ಮಲಗಿ ತೇಲಬೇಕು, ಕೈ ಎತ್ತಿ ಕೂಗಬೇಕು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದ ಪಟ್ಟಿಯಿಂದ ಹೊರಬಂದಮೇಲೆ ಅಲೆಯ ಜೊತೆ ದಂಡೆಗೆ ಬರಬೇಕು. ಮುಳುಗುತ್ತಿರುವವನನ್ನು ಉಳಿಸಲು ಅಣ್ಣ, ಅವನನ್ನು ಉಳಿಸಲು ಅಪ್ಪ ಹೀಗೆ ಒಬ್ಬರ ಹಿಂದೊಬ್ಬರು ಇಳಿದು ಮನೆಗೆ ಮನೆಯೇ ಬರಿದಾದದ್ದಿದೆ. ಎಸೆಯಲು ಹಗ್ಗ, ಖಾಲಿ ನೀರಿನ ಕ್ಯಾನ್, ಮುಚ್ಚಳ ಬಿಗಿದ ಬಾಟಲಿ ಏನಿದ್ದರೂ ಎಸೆಯಿರಿ, 112ಕ್ಕೆ ಫೋನ್ ಮಾಡಿ, ಮೀನುಗಾರರನ್ನು ಕೂಗಿ ಕರೆಯಿರಿ. ಗಾಳಿ ಇಲ್ಲದ ಬಿಸಿಲಿನ ದಿನವೂ ದೊಡ್ಡ ಅಲೆ ಏಳಬಹುದೆಂಬುದು ಇನ್ನೊಂದು ತಿಳಿಯಬೇಕಾದ ವಿಷಯ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿ.ಮೀ. ದಾಟಿ ನಮ್ಮ ದಂಡೆಗೆ ಬಂದು ಬಡಿಯುತ್ತದೆ, ಬೇಸಿಗೆಯಲ್ಲಿ ಇದು ಹೆಚ್ಚು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನೊಮ್ಮೆ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಬಿಸಿಲಿನ ವಿಷಯದಲ್ಲೂ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಏಪ್ರಿಲ್‌ನ 40 ಡಿಗ್ರಿಯಲ್ಲಿ ಹೊಲದ ಕೆಲಸ ಮಾಡುವ ಗಟ್ಟಿ ಆಳು ಕರಾವಳಿಯ 32 ಡಿಗ್ರಿಗೆ ಬಳಲಿ ಕೂರುತ್ತಾನೆ. ನಮ್ಮ ಒಣಗಾಳಿಯಲ್ಲಿ ಬೆವರು ಆರುತ್ತದೆ, ಆರುತ್ತ ಮೈಯ ಕಾವನ್ನು ಒಯ್ಯುತ್ತದೆ. ಅಲ್ಲಿನ ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಕಾವು ಒಳಗೇ ಉಳಿಯುತ್ತದೆ. ಹೀಗಾಗಿ ಹತ್ತೂವರೆಯೊಳಗೆ ಬೆಳಗಿನ ನಡಿಗೆ ಮುಗಿಸಿ, ಮಧ್ಯಾಹ್ನ ನೆರಳಿನಲ್ಲಿ ಕಳೆದು, ಮತ್ತೆ ನಾಲ್ಕಕ್ಕೆ ಹೊರಡುವುದು ಸರಿ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಬೇಕು. ಓಆರ್‌ಎಸ್ ಪೊಟ್ಟಣ ಇರಲಿ, ಇಲ್ಲದಿದ್ದರೆ ಉಪ್ಪು-ಸಕ್ಕರೆ ಹಾಕಿದ ಲಿಂಬೆ ಶರಬತ್ತೂ ಆದೀತು. ಊಟದ ವಿಷಯದಲ್ಲಿ ಮಾತ್ರ ನಾವು ಯಾರಿಂದಲೂ ಕಲಿಯಬೇಕಾದ್ದಿಲ್ಲ. ಬೆಟ್ಟ ಹತ್ತುವವರ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಪೊಟ್ಟಣಗಳಿಗಿಂತ ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮಾದಲಿ ಎಷ್ಟೋ ಮೇಲು. ಹಗುರ, ವಾರವಾದರೂ ಕೆಡುವುದಿಲ್ಲ, ಹೊಟ್ಟೆ ತುಂಬುತ್ತದೆ. ಕಡಲಿನ ತೇವಕ್ಕೆ ರೊಟ್ಟಿ ಮೆತ್ತಗಾಗದಂತೆ ಬಿಗಿ ಡಬ್ಬಿಯಲ್ಲಿಡಬೇಕು, ಅಷ್ಟೇ. ರಾತ್ರಿ ಊಟಕ್ಕೆ ಅಲ್ಲಿನ ಮನೆಗಳಲ್ಲಿ ಮುರುಗಲು ಸಾರು, ಕುಚ್ಚಲಕ್ಕಿ ಗಂಜಿ ಮಾಡಿಸಿಕೊಂಡು ಉಣ್ಣಿ.

ಡೇರೆ ಹಾಕುವ ಆಸೆ ಮಕ್ಕಳಿಗಿರುತ್ತದೆ, ಇರಲಿ. ಆದರೆ ಬರಿ ಮರಳಿನ ಮೇಲೆ, ಎಲ್ಲೆಂದರಲ್ಲಿ ಬೇಡ. ಹಲವು ಬೀಚುಗಳಲ್ಲಿ ರಾತ್ರಿ ಉಳಿಯಲು ಪೊಲೀಸರು ಬಿಡುವುದಿಲ್ಲ, ಅದಕ್ಕೆ ಕಾರಣವೂ ಇದೆ. ಅಘನಾಶಿನಿ, ಬೇಲೆಕಾನ ಕಡೆ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವವರು ತಮ್ಮ ತೋಟದಲ್ಲಿ ಡೇರೆಗೆ ಜಾಗ ಕೊಡುತ್ತಾರೆ. ಬಾವಿ ನೀರು, ಶೌಚಾಲಯ ಎರಡೂ ಸಿಗುತ್ತವೆ, ಹೆಂಗಸರಿಗೆ ನೆಮ್ಮದಿ. ಡೇರೆ ಹೂಡುವಾಗ ತೆಂಗಿನ ಮರದ ಬುಡ ಬಿಡಿ, ಚಿರೇಕಲ್ಲಿನ ದರೆಯ ಕೆಳಗೂ ಬೇಡ. ಮರಳಿನ ಮೇಲೆ ಒಣ ಕಸ, ಚಿಪ್ಪು, ತೆಂಗಿನ ಸಿಪ್ಪೆಗಳ ಒಂದು ಉದ್ದ ಗೆರೆ ಕಾಣುತ್ತದೆ. ಹಿಂದಿನ ಉಬ್ಬರದ ನೀರು ಮುಟ್ಟಿ ಹೋದ ಗುರುತು ಅದು. ಆ ಗೆರೆಗಿಂತ ಸಾಕಷ್ಟು ಮೇಲಿರಬೇಕು. ದಂಡೆಯಲ್ಲಿ ಬೆಂಕಿ, ಜೋರು ದೀಪ, ಹಾಡಿನ ಡಬ್ಬ ಯಾವುದೂ ಬೇಡ. ಉತ್ತರ ಕನ್ನಡದ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳಕು ಕಂಡರೆ ತಾಯಿ ಆಮೆ ಹಾಗೆಯೇ ನೀರಿಗೆ ಮರಳುತ್ತದೆ. ಮೊಟ್ಟೆಯೊಡೆದ ಮರಿಗಳು ಸಮುದ್ರದ ಮೇಲಿನ ಮಂದ ಬೆಳಕನ್ನು ನಂಬಿ ನಡೆಯುವಂಥವು, ನಮ್ಮ ದೀಪ ಕಂಡರೆ ದಿಕ್ಕು ತಪ್ಪಿ ದಂಡೆಯ ಕಡೆಗೇ ತೆವಳಿ ಸಾಯುತ್ತವೆ.

ದ್ವೀಪದ ಮೇಲೆ ಒಂದು ರಾತ್ರಿ ಕಳೆಯಬೇಕೆಂದು ಕೇಳುವವರಿದ್ದಾರೆ. ಕಾರವಾರದ ಎದುರು ಕೂರ್ಮಗಡ, ದೇವಗಡ, ಹೊನ್ನಾವರದ ಎದುರು ಕೋಟೆಯಿರುವ ಬಸವರಾಜದುರ್ಗ, ಮುರುಡೇಶ್ವರದಾಚೆ ನೇತ್ರಾಣಿ, ಮಲ್ಪೆಯ ಎದುರು ಕಂಬ ಕಂಬವಾಗಿ ನಿಂತ ಲಾವಾಶಿಲೆಯ ಸೇಂಟ್ ಮೇರೀಸ್. ಹೆಸರು ಕೇಳಿದರೆ ಆಸೆಯಾಗುವುದು ಸಹಜ. ಸೇಂಟ್ ಮೇರೀಸ್‌ಗೆ ಮಲ್ಪೆಯಿಂದ ಮಳೆಗಾಲ ಬಿಟ್ಟು ಉಳಿದ ಕಾಲದಲ್ಲಿ ದೋಣಿಗಳಿವೆ, ಹಗಲು ಹೋಗಿ ಬರಬಹುದು, ರಾತ್ರಿ ಉಳಿಯುವಂತಿಲ್ಲ. ಮೊದಲ ಸಲ ಕಡಲಿಗೆ ಬಂದ ಕುಟುಂಬಕ್ಕೆ ನಾನು ದ್ವೀಪ ಹೇಳುವುದೇ ಇಲ್ಲ. ದಂಡೆಯಲ್ಲಿ ತೊಂದರೆಯಾದರೆ ಹಿಂದೆ ಊರಿದೆ, ದ್ವೀಪದಲ್ಲಿ ಇರುವುದು ದೋಣಿಯೊಂದೇ. ಕೂರ್ಮಗಡದ ಜಾತ್ರೆ ನಡೆಯುವುದು ಪುಷ್ಯ ಹುಣ್ಣಿಮೆಗೆ, ಅಂದರೆ ಏರಿಳಿತ ದೊಡ್ಡದಾಗಿರುವ ದಿನವೇ. ದೇವರ ಮೇಲಿನ ಭಕ್ತಿಯಿಂದ ಹೋಗುವವರನ್ನು ಬೇಡ ಎನ್ನಲು ನಾನ್ಯಾರು? ಲೈಫ್ ಜಾಕೆಟ್ ಕೈಯಲ್ಲಿ ಹಿಡಿದುಕೊಳ್ಳದೆ, ಕೆಳಗೆ ಹಾಸಿ ಕೂರದೆ, ಮೈಗೆ ಬಿಗಿದುಕೊಳ್ಳಿ. ದೋಣಿಯಲ್ಲಿ ಮಂದಿ ಹೆಚ್ಚಾದರೆ ಹಣ ಕೊಟ್ಟಿದ್ದರೂ ಇಳಿದುಬಿಡಿ. "ಮುಂದಿನ ದೋಣ್ಯಾಗ ಬರ್ತೀವಿ, ನೀವು ನಡೀರಿ" ಎಂದು ಹೇಳಲು ಮನೆಯ ಒಬ್ಬ ಹಿರಿಯರಾದರೂ ಗಟ್ಟಿಯಾಗಿ ನಿಲ್ಲಬೇಕು. ತದಡಿಯ ದೋಣಿಗೂ ಇದೇ ಮಾತು. ಅದರ ಕೊನೆಯ ವೇಳೆ ಎಷ್ಟಕ್ಕೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ, ತಪ್ಪಿದರೆ ಹೆದ್ದಾರಿಗೆ ಹೋಗಿ ಮಿರ್ಜಾನ ಮೇಲೆ ಸುತ್ತಿ ಬರಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರಿಕೆ ಕೇಳಿಯೂ ಮಕ್ಕಳು ನೀರಿಗೆ ಇಳಿಯಲೇಬೇಕೆಂದು ಹಟ ಹಿಡಿಯುತ್ತಾರೆ, ಅವರದು ತಪ್ಪಲ್ಲ. ಆ ಆಸೆಗೆ ಗೋಕರ್ಣದ ಬಂಡೆಗಳ ನಡುವಿನ ನೀರು ಬೇಡ. ಮೂರನೆಯ ದಿನ ಊರಿಗೆ ಮರಳುವ ಮುಂಚೆ ಹೊನ್ನಾವರದ ಪಕ್ಕದ ಕಾಸರಕೋಡಿಗೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ದಂಡೆ ಅದು. ಈಜಲು ಗುರುತು ಹಾಕಿದ ಜಾಗವಿದೆ, ಕಾವಲಿಗೆ ಜೀವರಕ್ಷಕರಿದ್ದಾರೆ, ಬಟ್ಟೆ ಬದಲಿಸಲು ಕೋಣೆಗಳಿವೆ. ಅಲ್ಲಿ ಅವರು ಮನಸಾರೆ ಆಡಲಿ. ನೀರಿಗಿಳಿಯುವ ಮುಂಚೆ ಮಾತ್ರ ಅವರನ್ನು ಸಾಲಾಗಿ ನಿಲ್ಲಿಸಿ, ಅಲೆ ಎಲ್ಲಿ ಒಡೆಯುತ್ತಿದೆ, ಎಲ್ಲಿ ಒಡೆಯುತ್ತಿಲ್ಲ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೇಳಿ. ಎರಡು ದಿನ ದಂಡೆಯಲ್ಲಿ ನಡೆದ ಮಕ್ಕಳು ತಾವಾಗಿಯೇ ಬೆರಳು ತೋರಿಸಿ ಹೇಳುತ್ತಾರೆ, ಕ್ರೂಸರ್‌ನಲ್ಲಿ ಬಂದಿಳಿದ ಪಕ್ಕದ ಕುಟುಂಬದವರಿಗೂ ಹೇಳಿಕೊಡುತ್ತಾರೆ.